ನಾಲ್ಕು ಗಂಟೆಯ ದೀಪ

ಕಾಯಾನಿ ಪಟ್ಟಣದ ಬೀದಿಗಳಲ್ಲಿ ಹಿಮ ತಳ್ಳುವುದು ನನ್ನ ಕೆಲಸ.
ಹನ್ನೊಂದು ಚಳಿಗಾಲ ಇದೇ ಗಾಡಿ, ಇದೇ ಸೀಟು,
ಊರು ಏಳುವ ಮೊದಲು
ಊರಿಗೊಂದು ದಾರಿ ಬಿಡಿಸಿಡುವುದು.

ನಾಲ್ಕು ಗಂಟೆಗೆ ದೀಪ ಉರಿದರೆ
ಆ ಮನೆಯಲ್ಲಿ ಕೂಸಿದೆ ಅಂತ ಲೆಕ್ಕ.
ಯಾರೂ ಹೇಳಿಕೊಟ್ಟದ್ದಲ್ಲ.
ಅಡುಗೆಮನೆ ಕಿಟಕಿ, ಹೆಗಲ ಮೇಲೊಂದು ಗಂಟು,
ಅತ್ತಿಂದಿತ್ತ ತೂಗುವ ನೆರಳು.
ಅಂಥ ಮನೆ ಬಂದಾಗ ಅಲಗನ್ನು ನಾಲ್ಕು ಬೆರಳು ಎತ್ತುತ್ತೇನೆ,
ಡಾಂಬರಿಗೆ ಕಬ್ಬಿಣ ಉಜ್ಜಿ ಕಿರುಚದ ಹಾಗೆ.
ಅಲ್ಲೊಂದು ಪದರ ಹಿಮ ಉಳಿಯುತ್ತದೆ.
ಕಚೇರಿಗೆ ದೂರು ಹೋಗಿದೆ, ಎರಡು ಸಲ.

ಅಕ್ಟೋಬರಿನಲ್ಲಿ ನನ್ನ ಮನೆಯನ್ನೂ ಆ ಪಟ್ಟಿಗೆ ಸೇರಿಸಿದ್ದೆ,
ಮುಂಗಡವಾಗಿ.

ಹತ್ತೊಂಬತ್ತನೆಯ ವಾರ.
ಇನ್ನು ಇಪ್ಪತ್ತೊಂದು ದಿನ ಕಳೆದಿದ್ದರೆ
ಸರ್ಕಾರದ ಪೆಟ್ಟಿಗೆಗೆ ಅರ್ಜಿ ಹಾಕಬಹುದಿತ್ತು.
ಇಲ್ಲಿ ಬಸುರಿಯರಿಗೆ ಬರುವ ರಟ್ಟಿನ ಪೆಟ್ಟಿಗೆ,
ಒಳಗೆ ಅಂಗಿ, ಕುಲಾವಿ, ಒಂದು ಪುಟ್ಟ ಹಾಸಿಗೆ;
ಬಟ್ಟೆ ತೆಗೆದಿಟ್ಟರೆ ಪೆಟ್ಟಿಗೆಯೇ ತೊಟ್ಟಿಲು.
ಇಲ್ಪೊ ಅದಕ್ಕೆ ಜಾಗ ಅಳೆದಿಟ್ಟಿದ್ದ,
ಗೋಡೆಯ ಮೇಲೆ ಪೆನ್ಸಿಲ್ಲಿನ ಎರಡು ಗೀಟು.
ಗೀಟು ಇನ್ನೂ ಇದೆ. ನಡುವೆ ಗೋಡೆ.

ನೀವೇನೂ ತಪ್ಪು ಮಾಡಿಲ್ಲ, ಅಂದಳು ವೈದ್ಯೆ.
ತಪ್ಪೊಂದು ಸಿಕ್ಕಿದ್ದರೆ
ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು.
ಗಾಡಿಯ ಅದುರಾಟವೇ? ಅಲ್ಲ.
ಅವತ್ತು ಎತ್ತಿದ ಮರಳಿನ ಚೀಲವೇ? ಅಲ್ಲ.

ಮೂರನೆಯ ದಿನ ಹಾಲು ಬಂತು.
ಹಾಲಿಗೆ ಸುದ್ದಿ ಮುಟ್ಟಿರಲಿಲ್ಲ.
ಎದೆಗೆ ಬಿಗಿಯಾಗಿ ಬಟ್ಟೆ ಸುತ್ತಿ
ನಾನೇ ಅದಕ್ಕೆ ಹೇಳಬೇಕಾಯಿತು.

ನಮ್ಮ ಮಾತಿನಲ್ಲಿ ಅವನಿಗೂ ಅವಳಿಗೂ ಒಂದೇ ಪದ.
ಅನುಕೂಲವೇ ಆಯಿತು.
ಯಾವುದೆಂದು ಕೇಳದೆಯೂ ಅಳಬಹುದು.

ಇಲ್ಪೊ ಮಾತಾಡಲಿಲ್ಲ. ಕೊಡಲಿ ಹಿಡಿದು ಸೌನಾಕ್ಕೆ ಕಟ್ಟಿಗೆ ಸೀಳಿದ,
ಎರಡು ಚಳಿಗಾಲಕ್ಕಾಗುವಷ್ಟು.
ಅವನ ತಾಯಿ ಫೋನಿನಲ್ಲಿ, ವಯಸ್ಸಿದೆ ಬಿಡು ಇನ್ನೂ, ಅಂದರು.
ಮೇಸ್ತ್ರಿ ಅರ್ಮಾಸ್, ನಾನು ಕೆಲಸಕ್ಕೆ ಮರಳಿದ ರಾತ್ರಿ,
ತನ್ನ ಬೂಟು ನೋಡಿಕೊಳ್ಳುತ್ತ,
"ನಿನ್ನ ಗಾಡಿಗೆ ಹೊಸ ವೈಪರ್ ಹಾಕ್ಸಿದೀನಿ" ಅಂದ.
ಆಮೇಲೆ ಗ್ಯಾರೇಜಿನ ಬಾಗಿಲು ಕೈಯಿಂದಲೇ ಎತ್ತಿ ಹಿಡಿದ,
ಗುಂಡಿ ಒತ್ತಿದರೆ ತಾನಾಗಿ ಏಳುವ ಬಾಗಿಲು.
ಸೇತುವೆ ದಾಟುವ ತನಕ ಅಳು.
ವೈಪರ್ ಚೆನ್ನಾಗಿಯೇ ಇತ್ತು. ದಾರಿ ಕಾಣಲಿಲ್ಲ.

ಆ ವಾರ ಅಲಗು ಎತ್ತಲಿಲ್ಲ.
ಹೇಳಬಾರದು, ಹೇಳುತ್ತೇನೆ:
ದೀಪವಿದ್ದ ಮನೆಗಳ ಮುಂದೆ ಇನ್ನೂ ಒತ್ತಿ ಇಳಿಸಿದೆ,
ಕಬ್ಬಿಣ ಕೂಗಲಿ ಅಂತ.
ಏಳಲಿ. ಎಲ್ಲರೂ ಏಳಲಿ.

ಹಿಲ್ಕಾ ಮುದುಕಿಯ ಮನೆಯಲ್ಲೂ ನಾಲ್ಕಕ್ಕೆ ದೀಪ.
ಎಂಬತ್ತು ದಾಟಿದವಳು, ಒಂಟಿ,
ನನ್ನ ಲೆಕ್ಕಕ್ಕೆ ಎಂದೂ ಸಿಗದ ಮನೆ.
ಸದ್ದಿಗೆ ಹೊರಬಂದು ನಿಂತಳು,
ರಾತ್ರಿಯಂಗಿಯ ಮೇಲೆ ಸತ್ತ ಗಂಡನ ಕೋಟು.
ಬೈಯುತ್ತಾಳೆ ಅಂದುಕೊಂಡು ಗಾಜು ಇಳಿಸಿದೆ.
"ಎಷ್ಟು ತಿಂಗಳಿತ್ತು?"
ಹೇಳಿದೆ.
"ನನ್ನದು ಆರು" ಅಂದಳು,
ನಿನ್ನೆ ಸಂತೆಯಲ್ಲಿ ಏನೋ ಬಿಟ್ಟು ಬಂದವಳ ಹಾಗೆ.
ಯಾವ ವರ್ಷ ಅಂತ ನಾನು ಕೇಳಲಿಲ್ಲ.
ಹಿಮ ಬೀಳುತ್ತಿತ್ತು, ತಳ್ಳಿದ ಜಾಗದಲ್ಲೇ.

ಮಾರ್ಚಿನ ಒಂದು ರಾತ್ರಿ ನಮ್ಮ ಬೀದಿಗೆ ತಿರುಗಿದೆ.
ಡಿಸೆಂಬರಿನಿಂದ ಉರಿಯುತ್ತಲೇ ಇದ್ದ ನಮ್ಮ ಕಿಟಕಿ
ಕತ್ತಲಾಗಿತ್ತು.
ಇಲ್ಪೊಗೆ ನಿದ್ದೆ ಹತ್ತಿದೆ.
ಕೈ ತಾನಾಗಿ ಸನ್ನೆಗೋಲಿಗೆ ಹೋಯಿತು.
ಅಲಗು ಎತ್ತಿದೆ, ನಾಲ್ಕು ಬೆರಳು,
ನಮ್ಮ ಬೇಲಿ ಮುಗಿಯುವ ತನಕ.

ಬೆಳಿಗ್ಗೆ ಅವನು ಸಲಿಕೆ ಹಿಡಿದು ಗೊಣಗುತ್ತಿದ್ದ,
ಹಾಸಿಗೆಯಲ್ಲಿದ್ದ ನನಗೆ ಕೇಳಿಸುವಷ್ಟು ಜೋರಾಗಿ:
ಯಾರಪ್ಪ ಅದು,
ಈ ಒಂದು ಮನೆಯ ಮುಂದೆ ಮಾತ್ರ
ಹಿಮ ಬಿಟ್ಟು ಹೋದವರು.